ಪಿಗ್ಮಿ ಚೀಲ, ಸೊಸೈಟಿ ಲೆಡ್ಜರು ಮತ್ತು ಓಆರ್‌ಎಂ

ಉಡುಪಿ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ಪಿಗ್ಮಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ದೂರದ ಜಿಲ್ಲೆಗಳಿಂದ ಬಂದು ಹಾಸ್ಟೆಲಿನಲ್ಲಿರುವ ಗೆಳೆಯರಿಗಾಗಿ ಎರಡು ಮಾತು. 1925ರಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕ್ ಶುರುವಾಯಿತು, ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. ಅದು 1928ರಲ್ಲಿ ಪಿಗ್ಮಿ ಠೇವಣಿ ಅನ್ನುವ ಯೋಜನೆ ತಂತು. ದಿನಕ್ಕೆ ಎರಡಾಣೆ ಉಳಿಸುವವರೂ ಬ್ಯಾಂಕಿನ ಗ್ರಾಹಕರಾಗಬಹುದು. ಅವರು ಬ್ಯಾಂಕಿಗೆ ಬರಬೇಕಾಗಿಲ್ಲ, ಏಜೆಂಟರೇ ಬಾಗಿಲಿಗೆ ಬಂದು ದುಡ್ಡು ತಗೊಂಡು ಹೋಗುತ್ತಾರೆ. 2020ರ ಏಪ್ರಿಲ್ 1ರಂದು ಆ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ನಮ್ಮ ಕಡೆಯ ಸಹಕಾರಿ ಸೊಸೈಟಿಗಳಲ್ಲಿ ಇವತ್ತಿಗೂ ಉಂಟು. ಊರವರೇ ಬಳಸುವ ವ್ಯವಸ್ಥೆ ಆದ್ದರಿಂದ 'ಪಿಗ್ಮಿ ಕಲೆಕ್ಷನ್ ಆ್ಯಪ್' ಮಿನಿ ಪ್ರಾಜೆಕ್ಟಿಗೆ ಒಳ್ಳೆಯ ವಿಷಯ. ಈ ಲೇಖನಕ್ಕೂ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ, ಯಾಕಂದ್ರೆ ಓಆರ್‌ಎಂ ಒಳಗೆ ನಡೆಯುವ ಒಂದು ಗೊಂದಲ ಪಿಗ್ಮಿ ಏಜೆಂಟರ ಚೀಲದಲ್ಲಿ ಚೆನ್ನಾಗಿ ಕಾಣಿಸುತ್ತದೆ.

ಒಂದು ಮಧ್ಯಾಹ್ನವನ್ನು ಕಲ್ಪಿಸಿಕೊಳ್ಳಿ. ಕುಕ್ಕುಂದೂರಿನ ಜೋಡುರಸ್ತೆಯ ಹತ್ತಿರ ಏಜೆಂಟಣ್ಣ ಬೆಳಿಗ್ಗೆಯಿಂದ ಅಂಗಡಿ ಅಂಗಡಿ ಸುತ್ತಿದ್ದಾರೆ. ಟೈಲರಕ್ಕ ನೂರು ರೂಪಾಯಿ ಕೊಟ್ಟಿದ್ದಾರೆ. ಏಜೆಂಟರ ಪುಸ್ತಕದಲ್ಲಿ ಬರೆದಾಯ್ತು, ಅಕ್ಕನ ಪಾಸ್‌ಬುಕ್ಕಿನಲ್ಲೂ ಬರೆದಾಯ್ತು. ದುಡ್ಡು ಚೀಲದಲ್ಲಿದೆ. ಅದೇ ಹೊತ್ತಿಗೆ ಸೊಸೈಟಿ ಆಫೀಸಿನಲ್ಲಿ ಮ್ಯಾನೇಜರು ಗುಮಾಸ್ತರನ್ನು ಕೇಳುತ್ತಾರೆ: "ಐದು ಸಾವಿರ ಮುಟ್ಟಿದವರು ಯಾರ್ಯಾರು? ಅವರಿಗೆ ಸಾಲದ ಫಾರಂ ಕೊಡಬೇಕು." ಗುಮಾಸ್ತರು ಲೆಡ್ಜರು ತೆಗೆದು ನೋಡುತ್ತಾರೆ. ಅಕ್ಕನ ಹೆಸರಿನ ಎದುರು 4,900 ಅಂತಿದೆ. ಪಾಸ್‌ಬುಕ್ಕಿನಲ್ಲಿ 5,000 ಇದೆ. ಲೆಡ್ಜರೂ ಸುಳ್ಳು ಹೇಳುತ್ತಿಲ್ಲ, ಪಾಸ್‌ಬುಕ್ಕೂ ಸುಳ್ಳಲ್ಲ. ಒಂದೇ ಖಾತೆಯ ಬಗ್ಗೆ ಎರಡು ಜಾಗದಲ್ಲಿ ಎರಡು ತಿಳಿವಳಿಕೆ ಇದೆ, ಅಷ್ಟೆ.

ಓಆರ್‌ಎಂ ಬಳಸಿದ ಕೂಡಲೇ ನಮ್ಮ ಪ್ರೋಗ್ರಾಮಿನಲ್ಲೂ ಇದೇ ಆಗುತ್ತದೆ. ಡೇಟಾಬೇಸಿನಲ್ಲಿರುವ ಸಾಲು ಒಂದು, ಅದರ ಪ್ರತಿಯಾಗಿ ಮೆಮೊರಿಯಲ್ಲಿ ಕೂತಿರುವ ಆಬ್ಜೆಕ್ಟ್ ಇನ್ನೊಂದು. ನಾವು ಆಬ್ಜೆಕ್ಟಿನ ಬ್ಯಾಲೆನ್ಸ್ ಬದಲಾಯಿಸುತ್ತೇವೆ, ಇನ್ನೂ ಕಮಿಟ್ ಮಾಡಿಲ್ಲ, ನಡುವೆ ಒಂದು ಕ್ವೆರಿ ಹಾಕುತ್ತೇವೆ. ಆ ಕ್ವೆರಿ ಯಾರನ್ನು ಕೇಳಬೇಕು? ಲೆಡ್ಜರನ್ನೋ, ಚೀಲವನ್ನೋ?

ಡಿಬಿಎಂಎಸ್ ಪಾಠದಲ್ಲಿ ಟ್ರಾನ್ಸಾಕ್ಷನ್ ಓದುವಾಗ ಈ ಪ್ರಶ್ನೆ ಏಳುವುದಿಲ್ಲ, ಯಾಕಂದ್ರೆ ಅಲ್ಲಿ ಇರುವುದು ಡೇಟಾಬೇಸ್ ಒಂದೇ. ಸ್ಪ್ರಿಂಗ್ ಬೂಟಿನಲ್ಲಿ ಪ್ರಾಜೆಕ್ಟ್ ಮಾಡುವಾಗ ಪ್ರಶ್ನೆ ಎದುರಾಗುತ್ತದೆ, ಆದರೆ ಎಲ್ಲಾ ಕೆಲಸ ತೆರೆಮರೆಯಲ್ಲೇ ನಡೆಯುವುದರಿಂದ ನಮಗೆ ಗೊತ್ತಾಗುವುದಿಲ್ಲ.

ಚೀಲ ಯಾಕೆ ಬೇಕು

ಪ್ರತಿ ನೂರು ರೂಪಾಯಿಗೂ ಏಜೆಂಟಣ್ಣ ಆಫೀಸಿಗೆ ಓಡಿ ಬಂದರೆ ದಿನಕ್ಕೆ ನಾಲ್ಕು ಅಂಗಡಿ ಸುತ್ತಬಹುದು. ಹಾಗಾಗಿ ಎಲ್ಲವನ್ನೂ ಚೀಲದಲ್ಲಿ ಕೂಡಿಟ್ಟು ಸಂಜೆ ಒಟ್ಟಿಗೆ ಕಟ್ಟುತ್ತಾರೆ. ಓಆರ್‌ಎಂ ಕೂಡ ಬದಲಾದ ಆಬ್ಜೆಕ್ಟುಗಳ ಪಟ್ಟಿ ಇಟ್ಟುಕೊಂಡು ಒಂದು ಹಂತದಲ್ಲಿ ಒಟ್ಟಿಗೆ ಡೇಟಾಬೇಸಿಗೆ ಕಳಿಸುತ್ತದೆ. ಮಾರ್ಟಿನ್ ಫೌಲರ್ 2002ರ ತಮ್ಮ ಎಂಟರ್‌ಪ್ರೈಸ್ ಪ್ಯಾಟರ್ನ್‌ಗಳ ಪುಸ್ತಕದಲ್ಲಿ ಇದನ್ನು 'ಯೂನಿಟ್ ಆಫ್ ವರ್ಕ್' ಅಂತ ಕರೆದರು. ಅದರ ಪಕ್ಕದಲ್ಲೇ ಇನ್ನೊಂದು ಪ್ಯಾಟರ್ನ್ ಇದೆ: 'ಐಡೆಂಟಿಟಿ ಮ್ಯಾಪ್'. ಒಂದು ಸೆಷನ್ನಿನೊಳಗೆ ಖಾತೆ ನಂಬರ್ 17ಕ್ಕೆ ಒಂದೇ ಒಂದು ಆಬ್ಜೆಕ್ಟ್ ಇರಬೇಕು, ಎಷ್ಟು ಸಲ ಕೇಳಿದರೂ ಅದೇ ಆಬ್ಜೆಕ್ಟ್ ಸಿಗಬೇಕು ಅನ್ನುವ ನಿಯಮ ಅದು. 2001ರಲ್ಲಿ ಗೇವಿನ್ ಕಿಂಗ್ ಶುರು ಮಾಡಿದ ಜಾವಾದ ಹೈಬರ್ನೇಟ್, ಪೈಥಾನಿನಲ್ಲಿ ಮೈಕ್ ಬೇಯರ್ ಬರೆದು 2006ರಲ್ಲಿ ಬಿಡುಗಡೆಯಾದ ಎಸ್‌ಕ್ಯೂಎಲ್‌ಆಲ್ಕೆಮಿ ಎರಡೂ ಈ ಎರಡು ಕಂಬಗಳ ಮೇಲೆ ನಿಂತಿವೆ. ಹೈಬರ್ನೇಟ್‌ನಲ್ಲಿ ಈ ಚೀಲಕ್ಕೆ 'ಪರ್ಸಿಸ್ಟೆನ್ಸ್ ಕಾಂಟೆಕ್ಸ್ಟ್' ಅಂತಲೂ 'ಫಸ್ಟ್ ಲೆವೆಲ್ ಕ್ಯಾಶ್' ಅಂತಲೂ ಹೆಸರು. (ಕನ್ನಡದಲ್ಲಿ ಬರೆಯುವಾಗ ಕ್ಯಾಶ್ ಅಂದರೆ ದುಡ್ಡೂ ಹೌದು, ಇದೂ ಹೌದು. ಪಿಗ್ಮಿ ಲೇಖನದಲ್ಲಿ ಇದೊಂದು ಫಜೀತಿ. ಇನ್ನು ಮುಂದೆ ಕ್ಯಾಶ್ ಅಂದರೆ ಮೆಮೊರಿಯದ್ದು, ದುಡ್ಡಿಗೆ ದುಡ್ಡು ಅಂತಲೇ ಹೇಳುತ್ತೇವೆ.)

ಚೀಲ ಇದೆ ಅಂದಮೇಲೆ ಕ್ವೆರಿಯ ಪ್ರಶ್ನೆ ತಪ್ಪಿದ್ದಲ್ಲ. ಇದು ಹೊಸ ತಲೆನೋವೂ ಅಲ್ಲ. ಜಾವಾದಲ್ಲಿ ಹೈಬರ್ನೇಟ್ ಜನಪ್ರಿಯವಾಗುವ ಕಾಲಕ್ಕೇ ಜೆಡಿಓ ಅಂತ ಒಂದು ಸ್ಟ್ಯಾಂಡರ್ಡ್ ಬಂದಿತ್ತು. ಅದರಲ್ಲಿ 'ಇಗ್ನೋರ್ ಕ್ಯಾಶ್' ಅನ್ನುವ ಸ್ವಿಚ್ ಇದೆ. ಆಫ್ ಇಟ್ಟರೆ, ಈ ಟ್ರಾನ್ಸಾಕ್ಷನ್ನಿನಲ್ಲಿ ನಾವು ಮೆಮೊರಿಯಲ್ಲಿ ಮಾಡಿದ ಬದಲಾವಣೆಗಳನ್ನೂ ಲೆಕ್ಕಕ್ಕೆ ಹಿಡಿದೇ ಕ್ವೆರಿ ಉತ್ತರ ಕೊಡಬೇಕು. ಆನ್ ಮಾಡಿದರೆ, ಚೀಲದ ಗೊಡವೆ ಬೇಡ, ಲೆಡ್ಜರಿನಲ್ಲಿ ಇದ್ದಷ್ಟು ಸಾಕು, ಬೇಗ ಉತ್ತರ ಬರಲಿ ಅಂತ ಅರ್ಥ. ಪ್ರಶ್ನೆಯನ್ನು ಅಡಗಿಸದೆ ಪ್ರೋಗ್ರಾಮರ್ ಎದುರಿಗೇ ಇಟ್ಟದ್ದು ನಮಗೆ ಇಷ್ಟವಾಯಿತು. ಈಗಿನ ಓಆರ್‌ಎಂಗಳಲ್ಲೂ ಆ ಸ್ವಿಚ್ ಇದೆ, ಹೆಸರು ಬೇರೆ, ಕೂತಿರುವ ಜಾಗ ಬೇರೆ.

ಕೇಳುವುದು ಲೆಡ್ಜರನ್ನು, ಕೊಡುವುದು ಚೀಲದಿಂದ

ಟೈಲರಕ್ಕನ ಖಾತೆಗೇ ಬರೋಣ. ಟ್ರಾನ್ಸಾಕ್ಷನ್ ಶುರು. ಖಾತೆಯ ಆಬ್ಜೆಕ್ಟ್ ಲೋಡ್ ಮಾಡಿದೆವು, ಬ್ಯಾಲೆನ್ಸ್ 4,900. ನೂರು ಸೇರಿಸಿದೆವು, ಆಬ್ಜೆಕ್ಟಿನಲ್ಲಿ ಈಗ 5,000. ಕಮಿಟ್ ಆಗಿಲ್ಲ. ಈಗ "ಬ್ಯಾಲೆನ್ಸ್ 5,000 ಅಥವಾ ಹೆಚ್ಚು ಇರುವ ಖಾತೆಗಳು" ಅಂತ ಕ್ವೆರಿ ಹಾಕಿದೆವು.

ಹೈಬರ್ನೇಟ್‌ನ ಡಿಫಾಲ್ಟ್ ಸೆಟ್ಟಿಂಗಿನಲ್ಲಿ, ಅಂದರೆ ಫ್ಲಶ್ ಮೋಡ್ 'ಆಟೋ' ಇದ್ದಾಗ, ಕ್ವೆರಿ ಹೊರಡುವ ಮೊದಲು ಓಆರ್‌ಎಂ ತನ್ನ ಚೀಲ ನೋಡುತ್ತದೆ. ಈ ಕ್ವೆರಿ ಓದುವ ಟೇಬಲ್ಲಿಗೆ ಸಂಬಂಧಪಟ್ಟ ಬದಲಾವಣೆ ಬಾಕಿ ಇದ್ದರೆ ಮೊದಲು ಅದನ್ನು ಅಪ್‌ಡೇಟ್ ಆಗಿ ಡೇಟಾಬೇಸಿಗೆ ಕಳಿಸುತ್ತದೆ. ಇದೇ ಫ್ಲಶ್. ಆಮೇಲೆ ಸೆಲೆಕ್ಟ್ ಹೋಗುತ್ತದೆ, ಅಕ್ಕನ ಹೆಸರು ಪಟ್ಟಿಯಲ್ಲಿ ಬರುತ್ತದೆ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಇದಕ್ಕೆ 'ಆಟೋಫ್ಲಶ್' ಅಂತ ಹೆಸರು, ಅದೂ ಡಿಫಾಲ್ಟ್ ಆಗಿ ಆನ್ ಇರುತ್ತದೆ. ಇಷ್ಟರವರೆಗೆ ಎಲ್ಲಾ ಸರಿ.

ಕೆಲವರು ವೇಗಕ್ಕಾಗಿ ಫ್ಲಶ್ ಮೋಡನ್ನು 'ಕಮಿಟ್'ಗೆ ಬದಲಾಯಿಸುತ್ತಾರೆ. ಅಂದರೆ ಸಂಜೆವರೆಗೆ ಚೀಲ ಬಿಚ್ಚುವುದಿಲ್ಲ. ಕ್ವೆರಿ ಸೀದಾ ಡೇಟಾಬೇಸಿಗೆ ಹೋಗುತ್ತದೆ, ಅಲ್ಲಿ 4,900 ಇದೆ, ಅಕ್ಕನ ಹೆಸರು ಬರುವುದಿಲ್ಲ. ಇದನ್ನು ಹೇಗೋ ಅರ್ಥಮಾಡಿಕೊಳ್ಳಬಹುದು. ವಿಚಿತ್ರ ಇರುವುದು ಇದರ ತಿರುಗುಮುರುಗಿನಲ್ಲಿ.

ತರಕಾರಿ ಅಂಗಡಿಯವರ ಖಾತೆಯಲ್ಲಿ 5,200 ಇದೆ ಅಂತಿಟ್ಟುಕೊಳ್ಳಿ. ಅದೇ ಟ್ರಾನ್ಸಾಕ್ಷನ್ನಿನಲ್ಲಿ ಅವರು 500 ವಾಪಸ್ ತಗೊಂಡರು, ಆಬ್ಜೆಕ್ಟಿನಲ್ಲಿ ಈಗ 4,700. ಫ್ಲಶ್ ಆಗಿಲ್ಲ. ಅದೇ ಕ್ವೆರಿ ಹಾಕಿದೆವು. ಡೇಟಾಬೇಸ್ ತನ್ನಲ್ಲಿರುವ 5,200 ನೋಡಿ ಈ ಸಾಲನ್ನು ಕಳಿಸುತ್ತದೆ. ಸಾಲು ಓಆರ್‌ಎಂ ಕೈಗೆ ಬರುತ್ತದೆ. ಅದು ಮೊದಲು ಪ್ರೈಮರಿ ಕೀ ನೋಡುತ್ತದೆ: 23. ಚೀಲದಲ್ಲಿ 23 ಆಗಲೇ ಇದೆಯಾ? ಇದೆ. ಹಾಗಾದರೆ ಹೊಸ ಆಬ್ಜೆಕ್ಟ್ ಬೇಡ. ಡೇಟಾಬೇಸಿನಿಂದ ಬಂದ 5,200 ಅನ್ನುವ ಸಂಖ್ಯೆಯನ್ನು ಪಕ್ಕಕ್ಕಿಟ್ಟು ತನ್ನಲ್ಲಿರುವ ಹಳೆಯ ಆಬ್ಜೆಕ್ಟನ್ನೇ ನಮ್ಮ ಕೈಗೆ ಕೊಡುತ್ತದೆ. ಅದರಲ್ಲಿ ಇರುವುದು 4,700.

ಅಂದರೆ "ಐದು ಸಾವಿರ ಅಥವಾ ಹೆಚ್ಚು" ಅಂತ ಕೇಳಿದ ಪಟ್ಟಿಯಲ್ಲಿ ನಾಲ್ಕು ಸಾವಿರದ ಏಳುನೂರರ ಖಾತೆ ಬಂದು ಕೂತಿದೆ. ಲಾಗಿನಲ್ಲಿ ಎಸ್‌ಕ್ಯೂಎಲ್ ನೋಡಿದರೆ ಅದು ಪಕ್ಕಾ ಇದೆ. ಅದೇ ಎಸ್‌ಕ್ಯೂಎಲ್ಲನ್ನು ಬೇರೆ ಕಿಟಕಿಯಲ್ಲಿ ಓಡಿಸಿದರೆ 5,200 ತೋರಿಸುತ್ತದೆ. ಪ್ರೋಗ್ರಾಮಿನಲ್ಲಿ ಪ್ರಿಂಟ್ ಮಾಡಿದರೆ 4,700. ಡೀಬಗ್ ಮಾಡುವವರು ರಾತ್ರಿ ಹನ್ನೊಂದಕ್ಕೆ "ಡೇಟಾಬೇಸೇ ಹಾಳಾಗಿದೆ ಮಾರಾಯ" ಅನ್ನುವುದು ಇಂಥ ಹೊತ್ತಿನಲ್ಲೇ. ಯಾವುದೂ ಹಾಳಾಗಿಲ್ಲ. ಯಾವ ಸಾಲುಗಳು ಬೇಕು ಅಂತ ಆರಿಸಿದ್ದು ಡೇಟಾಬೇಸ್. ಆರಿಸಿದ ಸಾಲಿನೊಳಗೆ ಏನಿದೆ ಅಂತ ಹೇಳಿದ್ದು ಮೆಮೊರಿ. ಒಂದೇ ಉತ್ತರವನ್ನು ಇಬ್ಬರು ಸೇರಿ ಕೊಟ್ಟಿದ್ದಾರೆ, ಅವರಿಬ್ಬರ ಗಡಿಯಾರ ಬೇರೆ ಬೇರೆ.

ಫ್ಲಶ್ ಮೋಡ್ ಮುಟ್ಟದಿದ್ದರೂ ಈ ಸ್ಥಿತಿಗೆ ಬೀಳುವ ಒಂದು ಸುಲಭ ದಾರಿ ಇದೆ. ಸ್ಪ್ರಿಂಗಿನಲ್ಲಿ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಅರ್ಧ ಕೆಲಸ ಹೈಬರ್ನೇಟ್ ಮೂಲಕ, ಅರ್ಧ ಕೆಲಸ 'ಜೆಡಿಬಿಸಿ ಟೆಂಪ್ಲೇಟ್' ಮೂಲಕ ಮಾಡಿದರೆ, ಎರಡನೆಯದು ಹೋಗುವುದು ಹೈಬರ್ನೇಟ್‌ಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗದ್ದಕ್ಕೆ ಅದು ಫ್ಲಶ್ ಮಾಡುವುದೂ ಇಲ್ಲ. ಎರಡರ ನಡುವೆ ನಾವೇ ಕೈಯಾರೆ ಫ್ಲಶ್ ಕರೆಯಬೇಕು. ಇದರ ಎದುರು ದಿಕ್ಕಿನಲ್ಲೂ ತೊಂದರೆ ಇದೆ: "ಎಲ್ಲಾ ಖಾತೆಗೂ ಬಡ್ಡಿ ಸೇರಿಸು" ಅಂತ ಒಂದೇ ಅಪ್‌ಡೇಟಿನಲ್ಲಿ ಸಾವಿರ ಸಾಲು ಬದಲಾಯಿಸಿದರೆ, ಹೈಬರ್ನೇಟ್‌ನಲ್ಲಿ ಅದು ಚೀಲವನ್ನು ದಾಟಿಕೊಂಡು ಹೋಗುತ್ತದೆ. ಆಗಲೇ ಲೋಡ್ ಆಗಿದ್ದ ಆಬ್ಜೆಕ್ಟುಗಳಲ್ಲಿ ಬಡ್ಡಿ ಇಲ್ಲದ ಹಳೆಯ ಮೊತ್ತವೇ ಉಳಿದಿರುತ್ತದೆ. ಅಂಥ ಅಪ್‌ಡೇಟ್ ಆದಮೇಲೆ ಸೆಷನ್ ಕ್ಲಿಯರ್ ಮಾಡುವುದು, ಅಥವಾ ಬೇಕಾದ ಆಬ್ಜೆಕ್ಟುಗಳನ್ನು ರಿಫ್ರೆಶ್ ಮಾಡುವುದು ಕ್ಷೇಮ. ಕ್ಲಿಯರ್ ಮಾಡುವ ಮೊದಲು ಫ್ಲಶ್ ಮಾಡಿರಬೇಕು, ಇಲ್ಲದಿದ್ದರೆ ಚೀಲದಲ್ಲಿದ್ದದ್ದು ಚೀಲದ ಜೊತೆಗೇ ಹೋಯಿತು.

ಫ್ಲಶ್ ಅಂದರೆ ಕಮಿಟ್ ಅಲ್ಲ

ವೈವಾದಲ್ಲಿ ಈ ಎರಡನ್ನು ಒಂದೇ ಅಂತ ಹೇಳಿಬಿಡುವುದು ಸುಲಭ, ಹಾಗಾಗಿ ಸ್ವಲ್ಪ ನಿಲ್ಲೋಣ. ಏಜೆಂಟಣ್ಣ ಆಫೀಸಿಗೆ ಬಂದು ಚೀಲ ಬಿಚ್ಚಿದರು, ಗುಮಾಸ್ತರು ಪೆನ್ಸಿಲಿನಲ್ಲಿ ಬರೆದುಕೊಂಡರು. ಮ್ಯಾನೇಜರು ದುಡ್ಡು ಎಣಿಸಿ ಸಹಿ ಹಾಕಿದ ಮೇಲೆಯೇ ಅದು ಶಾಯಿಯಲ್ಲಿ ಬರುವುದು. ಪೆನ್ಸಿಲ್ ಬರಹ ಫ್ಲಶ್, ಸಹಿ ಕಮಿಟ್. ಫ್ಲಶ್ ಆದದ್ದು ಡೇಟಾಬೇಸಿನೊಳಗೆ ಹೋಗಿದೆ, ಅದೇ ಟ್ರಾನ್ಸಾಕ್ಷನ್ನಿನ ಮುಂದಿನ ಕ್ವೆರಿಗಳಿಗೆ ಕಾಣುತ್ತದೆ. ಆದರೆ ಪಕ್ಕದ ಕೌಂಟರಿನವರಿಗೆ, ಅಂದರೆ ಬೇರೆ ಟ್ರಾನ್ಸಾಕ್ಷನ್‌ಗಳಿಗೆ, ಕಾಣುವುದಿಲ್ಲ. ಪೋಸ್ಟ್‌ಗ್ರೆಸ್‌ನ ಡಿಫಾಲ್ಟ್ ಐಸೊಲೇಶನ್ 'ರೀಡ್ ಕಮಿಟೆಡ್', ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಯಲ್ಲಿ 'ರಿಪೀಟಬಲ್ ರೀಡ್'. ಎರಡರಲ್ಲೂ ಇನ್ನೊಬ್ಬರ ಪೆನ್ಸಿಲ್ ಬರಹ ನಮಗೆ ಕಾಣದು.

ಹಾಗಾದರೆ ಇನ್ನೊಬ್ಬರು ಸಹಿ ಹಾಕಿ ಮುಗಿಸಿದ್ದು ನಮ್ಮ ಟ್ರಾನ್ಸಾಕ್ಷನ್ನಿನ ನಡುವೆ ಕಾಣುತ್ತದೆಯೇ? ಪೋಸ್ಟ್‌ಗ್ರೆಸ್‌ನ ರೀಡ್ ಕಮಿಟೆಡ್‌ನಲ್ಲಿ ಡೇಟಾಬೇಸಿನ ಮಟ್ಟಿಗೆ ಕಾಣುತ್ತದೆ. ಓಆರ್‌ಎಂ ಮಟ್ಟಿಗೆ, ಅರ್ಧ ಕಾಣುತ್ತದೆ. ಹತ್ತು ಖಾತೆಗಳ ಆಬ್ಜೆಕ್ಟ್ ಲೋಡ್ ಮಾಡಿಕೊಂಡಿದ್ದೇವೆ, ಒಟ್ಟು ಮೊತ್ತ 42,000 ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಬೇರೆ ಕೌಂಟರಿನಲ್ಲಿ ಒಂದು ಖಾತೆಗೆ 300 ಜಮೆಯಾಗಿ ಕಮಿಟ್ ಆಯಿತು. ನಾವು ಎಸ್‌ಕ್ಯೂಎಲ್‌ನ 'ಸಮ್' ಬಳಸಿ ಕೇಳಿದರೆ 42,300 ಬರುತ್ತದೆ, ಯಾಕಂದ್ರೆ ಆ ಸಂಖ್ಯೆಗೆ ಪ್ರೈಮರಿ ಕೀ ಇಲ್ಲ, ಅದು ಚೀಲದ ಮೂಲಕ ಹಾಯುವುದಿಲ್ಲ. ಅದೇ ಹತ್ತು ಖಾತೆಗಳನ್ನು ಮತ್ತೆ ಕ್ವೆರಿ ಮಾಡಿ ಲೂಪಿನಲ್ಲಿ ಕೂಡಿಸಿದರೆ ಬರುವುದು ಹಳೆಯ 42,000. ಎರಡೂ ಕ್ವೆರಿ ಹೋದದ್ದು ಒಂದೇ ಡೇಟಾಬೇಸಿಗೆ, ಒಂದರ ಹಿಂದೆ ಒಂದು. ದಿನದ ಕೊನೆಯ ವರದಿಯಲ್ಲಿ ಮೇಲಿನ ಮೊತ್ತ ಒಂದು, ಕೆಳಗಿನ ಪಟ್ಟಿಯ ಕೂಡಿಕೆ ಇನ್ನೊಂದು ಬಂದರೆ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ. ವರದಿಗೆ ಒಂದೋ ಎಲ್ಲವನ್ನೂ ಎಸ್‌ಕ್ಯೂಎಲ್‌ನಲ್ಲೇ ಮಾಡಿ, ಇಲ್ಲವೇ ಹೊಸ ಸೆಷನ್ನಿನಲ್ಲಿ ಒಂದೇ ಸಲ ಲೋಡ್ ಮಾಡಿ ಅದರಿಂದಲೇ ಮೊತ್ತವನ್ನೂ ತೆಗೆಯಿರಿ. ಬೆರಕೆ ಬೇಡ.

ಇಲ್ಲಿಂದ ದುಡ್ಡು ಕಳೆದುಹೋಗುವುದಕ್ಕೆ ಒಂದೇ ಹೆಜ್ಜೆ. ಎರಡು ಫೋನುಗಳಲ್ಲಿ ಒಂದೇ ಖಾತೆಗೆ ಏಕಕಾಲಕ್ಕೆ ನೂರು ನೂರು ಜಮೆ ಮಾಡುತ್ತಿದ್ದಾರೆ. ಎರಡೂ ಟ್ರಾನ್ಸಾಕ್ಷನ್ ಓದಿದ್ದು 5,000. ಎರಡೂ ತಮ್ಮ ತಮ್ಮ ಮೆಮೊರಿಯಲ್ಲಿ ಲೆಕ್ಕ ಹಾಕಿದ್ದು 5,100. ಓಆರ್‌ಎಂ ಡೇಟಾಬೇಸಿಗೆ "ನೂರು ಸೇರಿಸು" ಅಂತ ಹೇಳುವುದಿಲ್ಲ, "ಬ್ಯಾಲೆನ್ಸ್ 5,100 ಮಾಡು" ಅಂತ ಹೇಳುತ್ತದೆ. ಎರಡು ಸಲ ಹೇಳಿದರೂ 5,100ವೇ. ಇನ್ನೂರು ಬಂತು, ನೂರು ಜಮೆಯಾಯಿತು. ಎರಡೂ ಕಮಿಟ್ ಯಶಸ್ವಿ, ಯಾವ ಎರರೂ ಇಲ್ಲ. ಐಸೊಲೇಶನ್ ರಿಪೀಟಬಲ್ ರೀಡ್‌ಗೆ ಏರಿಸಿದರೆ ಪೋಸ್ಟ್‌ಗ್ರೆಸ್ ಎರಡನೆಯವರನ್ನು ಎರರ್ ಕೊಟ್ಟು ತಡೆಯುತ್ತದೆ. ಅದೇ ಹೆಸರಿನ ಮಟ್ಟದಲ್ಲಿ ಇನ್ನೋಡಿಬಿ ತಡೆಯುವುದಿಲ್ಲ. ಹೆಸರು ಒಂದೇ ಆದರೂ ನಡತೆ ಬೇರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಪರಿಹಾರ ಮೂರ್ನಾಲ್ಕು ಇವೆ. ನಮ್ಮ ಮಟ್ಟದ ಪ್ರಾಜೆಕ್ಟಿಗೆ ಹೈಬರ್ನೇಟ್‌ನಲ್ಲಿ 'ವರ್ಶನ್' ಅನ್ನುವ ಒಂದು ಕಾಲಂ ಹಾಕುವುದು ಸಾಕಾಗುತ್ತದೆ: ಓದುವಾಗ ವರ್ಶನ್ 7 ಇತ್ತು, ಬರೆಯುವಾಗಲೂ 7 ಇದ್ದರೆ ಮಾತ್ರ ಬರೆ, ಇಲ್ಲದಿದ್ದರೆ ಎಕ್ಸೆಪ್ಶನ್. ಇನ್ನೊಂದು ದಾರಿ 'ಸೆಲೆಕ್ಟ್ ಫಾರ್ ಅಪ್‌ಡೇಟ್' ಹಾಕಿ ಸಾಲನ್ನೇ ಲಾಕ್ ಮಾಡುವುದು. ಆದರೆ ಇಲ್ಲೂ ಚೀಲ ಅಡ್ಡ ಬರುತ್ತದೆ. ಆಬ್ಜೆಕ್ಟ್ ಮೊದಲೇ ಲೋಡ್ ಆಗಿದ್ದು, ಆಮೇಲೆ ಲಾಕ್ ಹಾಕಿದರೆ, ಲಾಕ್ ಸಿಗುವವರೆಗೆ ಕಾದ ಸಮಯದಲ್ಲಿ ಇನ್ನೊಬ್ಬರು ಬದಲಾಯಿಸಿದ್ದು ನಮ್ಮ ಆಬ್ಜೆಕ್ಟಿಗೆ ಬಂದಿರುವುದಿಲ್ಲ. ಲಾಕ್ ಹೊಸದು, ಮೌಲ್ಯ ಹಳೆಯದು. ಎಸ್‌ಕ್ಯೂಎಲ್‌ಆಲ್ಕೆಮಿಯ ಕೈಪಿಡಿ ಇದಕ್ಕಾಗಿಯೇ ಲಾಕ್ ಹಾಕುವ ಕ್ವೆರಿಯ ಜೊತೆ 'ಪಾಪ್ಯುಲೇಟ್ ಎಕ್ಸಿಸ್ಟಿಂಗ್' ಸೇರಿಸಿ ಅನ್ನುತ್ತದೆ, ಅಂದರೆ ಡೇಟಾಬೇಸಿನಿಂದ ಬಂದದ್ದನ್ನು ಚೀಲದಲ್ಲಿರುವ ಆಬ್ಜೆಕ್ಟಿನ ಮೇಲೆ ಬರೆದುಬಿಡು ಅಂತ. ಇದರಿಂದ ನಾವು ಆ ಆಬ್ಜೆಕ್ಟಿನಲ್ಲಿ ಮಾಡಿ ಫ್ಲಶ್ ಆಗದೆ ಉಳಿದ ಬದಲಾವಣೆ ಇದ್ದರೆ ಅಳಿಸಿಹೋಗುತ್ತದೆ, ಆದ್ದರಿಂದ ಲಾಕ್ ಮೊದಲು, ಲೆಕ್ಕ ಆಮೇಲೆ.

ಜ್ಯಾಂಗೋದವರ ಕತೆ ಬೇರೆ

ಇಷ್ಟೆಲ್ಲಾ ಓದಿ ಜ್ಯಾಂಗೋ ಬಳಸುವವರು ನಗಬಹುದು. ಜ್ಯಾಂಗೋದಲ್ಲಿ ಐಡೆಂಟಿಟಿ ಮ್ಯಾಪ್ ಇಲ್ಲ, ಯೂನಿಟ್ ಆಫ್ ವರ್ಕ್ ಕೂಡ ಇಲ್ಲ. 'ಸೇವ್' ಅಂದ ಕೂಡಲೇ ಎಸ್‌ಕ್ಯೂಎಲ್ ಹೋಗುತ್ತದೆ. ಸೇವ್ ಅನ್ನದಿದ್ದರೆ ಆಬ್ಜೆಕ್ಟಿನಲ್ಲಿ ಏನು ಬದಲಾಯಿಸಿದರೂ ಡೇಟಾಬೇಸಿಗೆ ಸುದ್ದಿ ಇಲ್ಲ. ಅಂದರೆ ಚೀಲವೇ ಇಲ್ಲದ ಏಜೆಂಟರು. ಕ್ವೆರಿಗೆ ಉತ್ತರ ಯಾವಾಗಲೂ ಡೇಟಾಬೇಸಿನಿಂದ, ಹೊಚ್ಚ ಹೊಸ ಆಬ್ಜೆಕ್ಟಾಗಿ ಬರುತ್ತದೆ.

ಸರಳ ಹೌದು, ಆದರೆ ತೊಂದರೆ ಮಾಯವಾಗಿಲ್ಲ, ಜಾಗ ಬದಲಾಯಿಸಿದೆ. ಖಾತೆ 17ನ್ನು ಎರಡು ಫಂಕ್ಷನ್ನುಗಳಲ್ಲಿ ಎರಡು ಸಲ ತಂದರೆ ಎರಡು ಬೇರೆ ಬೇರೆ ಆಬ್ಜೆಕ್ಟ್. ಒಂದರಲ್ಲಿ ಫೋನ್ ನಂಬರ್ ಬದಲಾಯಿಸಿ ಸೇವ್ ಮಾಡಿದಿರಿ, ಇನ್ನೊಂದರಲ್ಲಿ ಬ್ಯಾಲೆನ್ಸ್ ಬದಲಾಯಿಸಿ ಸೇವ್ ಮಾಡಿದಿರಿ. ಸೇವ್ ಮಾಮೂಲಿಯಾಗಿ ಎಲ್ಲಾ ಫೀಲ್ಡುಗಳನ್ನೂ ಬರೆಯುವುದರಿಂದ ಎರಡನೆಯದು ಹಳೆಯ ಫೋನ್ ನಂಬರನ್ನು ವಾಪಸ್ ಬರೆದುಬಿಡುತ್ತದೆ. ಬೇರೆ ಯೂಸರ್ ಬೇಡ, ಬೇರೆ ಟ್ರಾನ್ಸಾಕ್ಷನ್ ಬೇಡ, ನಮ್ಮ ಕಾಲಿಗೆ ನಾವೇ ತೊಡರಿ ಬೀಳುತ್ತೇವೆ. 'ಅಪ್‌ಡೇಟ್ ಫೀಲ್ಡ್ಸ್' ಕೊಟ್ಟು ಬೇಕಾದ ಕಾಲಂ ಮಾತ್ರ ಬರೆಯುವ ಅಭ್ಯಾಸ ಇಟ್ಟುಕೊಂಡರೆ ಬಚಾವ್. ಬ್ಯಾಲೆನ್ಸಿನಂಥ ಕಡೆ 'ಎಫ್' ಎಕ್ಸ್‌ಪ್ರೆಶನ್ ಬಳಸಿದರೆ "ಇದ್ದದ್ದಕ್ಕೆ ನೂರು ಸೇರಿಸು" ಅಂತಲೇ ಡೇಟಾಬೇಸಿಗೆ ಹೋಗುತ್ತದೆ, ಮೇಲೆ ಹೇಳಿದ ನೂರು ಕಳೆದುಹೋಗುವ ಕತೆ ಅಲ್ಲಿಗೆ ಮುಗಿಯಿತು.

ಜ್ಯಾಂಗೋದಲ್ಲಿ ಕ್ಯಾಶ್ ಇರುವುದು ಕ್ವೆರಿಸೆಟ್ಟಿನೊಳಗೆ. ಒಂದು ಕ್ವೆರಿಸೆಟ್ಟನ್ನು ವೇರಿಯಬಲ್ಲಿನಲ್ಲಿ ಇಟ್ಟು ಒಮ್ಮೆ ಲೂಪ್ ಮಾಡಿದರೆ ಫಲಿತಾಂಶ ಅದರೊಳಗೇ ಉಳಿಯುತ್ತದೆ. ಅದರ ಮೇಲೆ ಆಮೇಲೆ 'ಕೌಂಟ್' ಕರೆದರೆ ಹೊಸ ಕ್ವೆರಿ ಹೋಗುವುದಿಲ್ಲ, ಉಳಿದದ್ದನ್ನೇ ಎಣಿಸಿ ಕೊಡುತ್ತದೆ. ಅದಕ್ಕೇ ಒಂದು 'ಫಿಲ್ಟರ್' ಸೇರಿಸಿದಿರೋ, ಹೊಸ ಕ್ವೆರಿ ಹೋಗುತ್ತದೆ. ನಡುವೆ ಒಂದು ಖಾತೆ ಸೇರಿಸಿದ್ದರೆ ಈ ಎರಡು ಉತ್ತರ ಹೊಂದುವುದಿಲ್ಲ.

ರೋಲ್‌ಬ್ಯಾಕ್ ಆದಮೇಲೆ ಕೈಯಲ್ಲಿ ಉಳಿಯುವುದು

ನಮ್ಮ ಲೆಕ್ಕದಲ್ಲಿ ಅತಿ ಕಡಿಮೆ ಗಮನ ಸಿಗುವ ಭಾಗ ಇದು. ರೋಲ್‌ಬ್ಯಾಕ್ ಡೇಟಾಬೇಸನ್ನು ಹಿಂದಕ್ಕೆ ಒಯ್ಯುತ್ತದೆ. ಮೆಮೊರಿಯನ್ನು ಒಯ್ಯಬೇಕೆಂಬ ನಿಯಮ ಇಲ್ಲ. ಜ್ಯಾಂಗೋದ ಕೈಪಿಡಿ ಇದನ್ನು ಎಚ್ಚರಿಕೆಯಾಗಿಯೇ ಬರೆದಿದೆ: 'ಅಟಾಮಿಕ್' ಬ್ಲಾಕ್ ವಿಫಲವಾದರೆ ಆಬ್ಜೆಕ್ಟಿನ ಫೀಲ್ಡುಗಳು ತಾವಾಗಿ ಹಿಂದಿರುಗುವುದಿಲ್ಲ. ಜಮೆ ವಿಫಲವಾಗಿದೆ, ಲೆಡ್ಜರಿನಲ್ಲಿ 4,900, ಆದರೆ ಅದೇ ಆಬ್ಜೆಕ್ಟನ್ನು ಟೆಂಪ್ಲೇಟಿಗೆ ಕಳಿಸಿದರೆ ಪರದೆಯ ಮೇಲೆ ಅಕ್ಕನಿಗೆ 5,000 ಕಾಣುತ್ತದೆ. ಹೈಬರ್ನೇಟ್‌ನಲ್ಲಿ ಸೆಷನ್ ಎಕ್ಸೆಪ್ಶನ್ ಎಸೆದರೆ ಆ ಸೆಷನ್ನನ್ನೇ ಬಿಸಾಡಿ ಹೊಸದು ತೆಗೆಯಬೇಕು, ಒಳಗಿನ ಆಬ್ಜೆಕ್ಟುಗಳನ್ನು ನಂಬಬಾರದು. ಎಸ್‌ಕ್ಯೂಎಲ್‌ಆಲ್ಕೆಮಿ ಈ ವಿಷಯದಲ್ಲಿ ಹೆಚ್ಚು ಶಿಸ್ತಿನದು: ರೋಲ್‌ಬ್ಯಾಕ್ ಆದರೆ ಚೀಲದ ಆಬ್ಜೆಕ್ಟುಗಳನ್ನೆಲ್ಲ 'ಎಕ್ಸ್‌ಪೈರ್' ಮಾಡುತ್ತದೆ, ಮುಂದಿನ ಸಲ ಮುಟ್ಟಿದಾಗ ಡೇಟಾಬೇಸಿನಿಂದ ಮತ್ತೆ ಓದುತ್ತದೆ. ಕಮಿಟ್ ಆದಮೇಲೂ ಡಿಫಾಲ್ಟ್ ಆಗಿ ಹಾಗೆಯೇ ಮಾಡುತ್ತದೆ. ಅದರಿಂದ ಹೆಚ್ಚುವರಿ ಕ್ವೆರಿ ಹೋಗುತ್ತದೆ ಅಂತ ಕೆಲವರು ಆ ಸೌಲಭ್ಯ ಆಫ್ ಮಾಡುತ್ತಾರೆ. ದುಡ್ಡಿನ ಲೆಕ್ಕ ಇರುವ ಕಡೆ ಆನ್ ಇರಲಿ ಅನ್ನುವುದು ನಮ್ಮ ಅಭಿಪ್ರಾಯ.

ರೋಲ್‌ಬ್ಯಾಕಿಗೆ ಸಿಗದ ಇನ್ನೊಂದು ವಸ್ತು ನಂಬರ್. ಹೈಬರ್ನೇಟ್‌ನಲ್ಲಿ ಐಡಿಗೆ 'ಸೀಕ್ವೆನ್ಸ್' ಬಳಸಿದರೆ, ಹೊಸ ಆಬ್ಜೆಕ್ಟ್ 'ಪರ್ಸಿಸ್ಟ್' ಮಾಡಿದಾಗ ನಂಬರ್ ಮಾತ್ರ ಮೊದಲೇ ಸಿಗುತ್ತದೆ, ಇನ್ಸರ್ಟ್ ಫ್ಲಶ್‌ವರೆಗೆ ಕಾಯುತ್ತದೆ. 'ಐಡೆಂಟಿಟಿ' ಬಳಸಿದರೆ ನಂಬರ್ ಕೊಡುವವರು ಡೇಟಾಬೇಸೇ ಆದ್ದರಿಂದ ಇನ್ಸರ್ಟ್ ಆಗಲೇ ಹೋಗಬೇಕಾಗುತ್ತದೆ. ಒಂದು ಆನೊಟೇಶನ್ ಬದಲಾದರೆ ಚೀಲ ಯಾವಾಗ ಬಿಚ್ಚಬೇಕು ಅನ್ನುವುದೂ ಬದಲಾಗುತ್ತದೆ. ಎರಡರಲ್ಲೂ, ಟ್ರಾನ್ಸಾಕ್ಷನ್ ಬಿದ್ದುಹೋದರೂ ಒಮ್ಮೆ ಖರ್ಚಾದ ನಂಬರ್ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. 118, 119 ಆದಮೇಲೆ 121. ಹಾಗಾಗಿ ಈ ಐಡಿಯನ್ನೇ ರಸೀದಿ ನಂಬರ್ ಅಂತ ಪ್ರಿಂಟ್ ಮಾಡಿದರೆ, ಲೆಕ್ಕ ಪರಿಶೋಧನೆಗೆ ಬಂದವರು "120 ಎಲ್ಲಿ ಹೋಯ್ತು?" ಅಂತ ಕೇಳುವುದು ಖಂಡಿತ. ರಸೀದಿಗೆ ಬೇರೆಯೇ ಕಾಲಂ, ಬೇರೆಯೇ ಎಣಿಕೆ ಇರಲಿ.

ಎಸ್‌ಎಂಎಸ್ ವಿಷಯವೂ ಇದೇ ಜಾತಿಗೆ ಸೇರಿದ್ದು. "ನಿಮ್ಮ ಖಾತೆಗೆ ರೂ. 100 ಜಮೆಯಾಗಿದೆ" ಅನ್ನುವ ಸಂದೇಶವನ್ನು ಟ್ರಾನ್ಸಾಕ್ಷನ್ನಿನೊಳಗೇ ಕಳಿಸಿ, ಆಮೇಲೆ ಕಮಿಟ್ ವಿಫಲವಾದರೆ ಆ ಸಂದೇಶವನ್ನು ಯಾವ ರೋಲ್‌ಬ್ಯಾಕೂ ವಾಪಸ್ ಕರೆಯದು. ದಿನಕ್ಕೆ ನೂರು ಉಳಿಸುವವರ ಕೈಯಲ್ಲಿ ಇರುವ ಪುರಾವೆ ಅದೊಂದೇ, ಅದೂ ಆಗದೇ ಇದ್ದ ಜಮೆಯದ್ದು. ಜ್ಯಾಂಗೋದಲ್ಲಿ 'ಆನ್ ಕಮಿಟ್', ಸ್ಪ್ರಿಂಗಿನಲ್ಲಿ 'ಆಫ್ಟರ್ ಕಮಿಟ್' ಹಂತದ ಲಿಸನರ್ ಇರುವುದು ಇದಕ್ಕೇ. ಟ್ರಾನ್ಸಾಕ್ಷನ್ ಬಿದ್ದುಹೋದರೆ ಅವು ಓಡುವುದೇ ಇಲ್ಲ.

ಸೆಕೆಂಡ್ ಲೆವೆಲ್ ಕ್ಯಾಶ್ ಬಗ್ಗೆ ಒಂದೇ ಮಾತು ಹೇಳಿ ಬಿಡುತ್ತೇವೆ, ಯಾಕಂದ್ರೆ ಮಿನಿ ಪ್ರಾಜೆಕ್ಟಿಗೆ ಅದು ಬೇಕಾಗುವುದು ಅಪರೂಪ. ಅದು ಒಂದು ಸೆಷನ್ನಿನದ್ದಲ್ಲ, ಎಲ್ಲಾ ಸೆಷನ್ನುಗಳಿಗೂ ಸೇರಿದ್ದು. ಹೈಬರ್ನೇಟ್‌ನ 'ರೀಡ್ ರೈಟ್' ವಿಧಾನದಲ್ಲಿ ಕಮಿಟ್ ಆಗದ ಮೌಲ್ಯವನ್ನು ಅದಕ್ಕೆ ಹಾಕುವುದಿಲ್ಲ, ಬದಲಾವಣೆ ನಡೆಯುತ್ತಿರುವಷ್ಟು ಹೊತ್ತು ಆ ಸಾಲಿಗೆ ಬೀಗ ಹಾಕಿ ಬೇರೆಯವರನ್ನು ಡೇಟಾಬೇಸಿಗೇ ಕಳಿಸುತ್ತದೆ. ಆದರೆ ಯಾರಾದರೂ ಹೊರಗಿನಿಂದ ನೇರವಾಗಿ ಟೇಬಲ್ ತಿದ್ದಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಡೆಮೋ ದಿನ ಗೆಳೆಯರೊಬ್ಬರು ವರ್ಕ್‌ಬೆಂಚ್ ತೆರೆದು ಬ್ಯಾಲೆನ್ಸ್ ತಿದ್ದಿದರೂ ಆ್ಯಪಿನಲ್ಲಿ ಹಳೆಯದೇ ತೋರಿಸುತ್ತಿದ್ದರೆ ಇದನ್ನು ನೆನಪಿಸಿಕೊಳ್ಳಿ.

ಇದನ್ನೆಲ್ಲಾ ಓದಿ ನಂಬುವುದಕ್ಕಿಂತ ಲ್ಯಾಬಿನಲ್ಲಿ ಅರ್ಧ ಗಂಟೆ ಕೂತು ನೋಡುವುದು ಒಳ್ಳೆಯದು. ಓಆರ್‌ಎಂನ ಎಸ್‌ಕ್ಯೂಎಲ್ ಲಾಗ್ ಆನ್ ಮಾಡಿ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಾದರೆ ಎಂಜಿನ್ ಕಟ್ಟುವಾಗ 'ಎಕೋ' ಟ್ರೂ ಅಂತ ಕೊಟ್ಟರೆ ಸಾಕು. ಒಂದು ಟರ್ಮಿನಲ್ಲಿನಲ್ಲಿ ಪೈಥಾನ್ ಪ್ರಾಂಪ್ಟ್, ಪಕ್ಕದಲ್ಲಿ ಪೋಸ್ಟ್‌ಗ್ರೆಸ್ ಪ್ರಾಂಪ್ಟ್. ಪೈಥಾನಿನಲ್ಲಿ ಒಂದು ಖಾತೆ ಲೋಡ್ ಮಾಡಿ, ಬ್ಯಾಲೆನ್ಸ್ ಓದಿ. ಪಕ್ಕದಲ್ಲಿ ಅದೇ ಸಾಲನ್ನು ಅಪ್‌ಡೇಟ್ ಮಾಡಿ ಕಮಿಟ್ ಮಾಡಿ. ವಾಪಸ್ ಬಂದು ಅದೇ ಖಾತೆಗೆ ಮತ್ತೆ ಸೆಲೆಕ್ಟ್ ಹಾಕಿ. ಲಾಗಿನಲ್ಲಿ ಸೆಲೆಕ್ಟ್ ಹೋದದ್ದು ಕಾಣುತ್ತದೆ, ಪ್ರಿಂಟ್ ಮಾಡಿದರೆ ಹಳೆಯ ಸಂಖ್ಯೆಯೇ ಬರುತ್ತದೆ. ಈಗ ಆ ಆಬ್ಜೆಕ್ಟನ್ನು ಎಕ್ಸ್‌ಪೈರ್ ಮಾಡಿ ಮತ್ತೆ ಪ್ರಿಂಟ್ ಮಾಡಿ: ಲಾಗಿನಲ್ಲಿ ಇನ್ನೊಂದು ಸೆಲೆಕ್ಟ್, ಈ ಸಲ ಹೊಸ ಸಂಖ್ಯೆ. ಇದನ್ನೇ ಮೈಎಸ್‌ಕ್ಯೂಎಲ್‌ನಲ್ಲಿ ಮಾಡಿದರೆ ಎಕ್ಸ್‌ಪೈರ್ ಮಾಡಿದ ಮೇಲೂ ಹಳೆಯದೇ ಬರುತ್ತದೆ. ಅಲ್ಲಿ ತಡೆಯುತ್ತಿರುವುದು ಓಆರ್‌ಎಂ ಅಲ್ಲ, ಇನ್ನೋಡಿಬಿಯ ರಿಪೀಟಬಲ್ ರೀಡ್. ಟ್ರಾನ್ಸಾಕ್ಷನ್ ಮುಗಿಸಿ ಹೊಸದು ಶುರು ಮಾಡಿದರೆ ಮಾತ್ರ ಹೊಸ ಸಂಖ್ಯೆ ಕಾಣುತ್ತದೆ.